ಹಾಡುಗಬ್ಬದಲ್ಲಿ ಮಾತಿನ ಸ್ಥಾನ: ಶಿಕಾರಿಪುರ–ಸೊರಬ ಸೀಮೆಯನ್ನು ಕುರಿತು ಒಂದು ವಿಚಾರ

೧

ನಮ್ಮ ಜನಪದ ಗೀತಗಳ ಸಂಕಲನಗಳನ್ನು ಓದುವವರಿಗೂ ಆ ಗೀತಗಳನ್ನು ಹಾಡುವ ಎಡೆಯಲ್ಲಿಯೇ ಕುಳಿತು ಕೇಳುವವರಿಗೂ ದೊರೆಯುವ ವಸ್ತು ಒಂದೇ ಅಲ್ಲ. ಅಚ್ಚಿನ ಪುಟದಲ್ಲಿ ಪದ್ಯವು ಪದ್ಯಕ್ಕೆ ತಾಗಿ ನಿಂತಿರುತ್ತದೆ. ಹಾಡುವ ಎಡೆಯಲ್ಲಿಯಾದರೋ ಹಾಡು ನಡುನಡುವೆ ನಿಲ್ಲುತ್ತದೆ, ವಾದ್ಯದ ದನಿ ತಗ್ಗುತ್ತದೆ, ಹಾಡುತ್ತಿದ್ದವನು ಮಾತನಾಡತೊಡಗುತ್ತಾನೆ. ಕಥೆಯನ್ನು ಒಂದು ಹೆಜ್ಜೆ ಮುಂದೆ ಸಾಗಿಸುತ್ತಾನೆ, ಪಾತ್ರಗಳ ಬಾಯಿಂದ ಎರಡು ಮಾತು ಆಡಿಸುತ್ತಾನೆ, ಎದುರಿಗೆ ಕುಳಿತವರನ್ನು ಏನನ್ನೋ ಕೇಳುತ್ತಾನೆ, ಮತ್ತೆ ಹಾಡನ್ನು ಎತ್ತಿಕೊಳ್ಳುತ್ತಾನೆ. ಈ ಮಾತು ಸಂಕಲನಗಳಲ್ಲಿ ಬಹುಮಟ್ಟಿಗೆ ಕಾಣುವುದಿಲ್ಲ. ಕಂಡರೂ ಕಥೆಯ ಎಳೆ ಕಡಿಯದಿರಲೆಂದು ಸಂಪಾದಕರು ತಮ್ಮ ಮಾತಿನಲ್ಲಿ ಕೊಟ್ಟ ಸಾರಾಂಶವಾಗಿ ಕಾಣುತ್ತದೆ.

ಈ ಲೇಖನದಲ್ಲಿ ನಾವು ಎತ್ತಿಕೊಂಡಿರುವ ಪ್ರಶ್ನೆ ಇದು: ಹೀಗೆ ಬಿಟ್ಟುಹೋದ ಮಾತು ಹಾಡಿನ ಹೊರಗಿನದೋ ಒಳಗಿನದೋ? ಒಳಗಿನದಾದರೆ, ಅದನ್ನು ಬಿಟ್ಟುದರಿಂದ ನಾವು ಕಳೆದುಕೊಂಡುದೇನು?

ಹಿರಿಯ ಸಂಗ್ರಾಹಕರ ಕೆಲಸವನ್ನು ಕಡಿಮೆಯೆಂದು ತೋರಿಸುವುದು ನಮ್ಮ ಉದ್ದೇಶವಲ್ಲ. ೧೯೩೧ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತಂದುದೂ, ೧೯೩೩ರಲ್ಲಿ ಅರ್ಚಕ ಬಿ. ರಂಗಸ್ವಾಮಿಯವರು ‘ಹುಟ್ಟಿದ ಹಳ್ಳಿ ಹಳ್ಳಿಯ ಹಾಡು’ ಗ್ರಂಥವನ್ನು ಪ್ರಕಟಿಸಿದುದೂ ಕನ್ನಡಕ್ಕೆ ಆದ ದೊಡ್ಡ ಉಪಕಾರ. ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಯು ತನ್ನ ಮೂರು ಸಾಲುಗಳಲ್ಲಿಯೇ ಪೂರ್ಣವಾದುದು. ಅದಕ್ಕೆ ಮಾತಿನ ಆಸರೆ ಅಷ್ಟಾಗಿ ಬೇಡ. ತ್ರಿಪದಿಗೆ ಒಪ್ಪುವ ಸಂಗ್ರಹಕ್ರಮವನ್ನು ಬೇರೆ ಬಗೆಯ ಹಾಡುಗಳಿಗೂ ಅಷ್ಟೇ ನಂಬಿಕೆಯಿಂದ ಹೊಂದಿಸಿಕೊಂಡುದರಲ್ಲಿ ತೊಡಕು ಮೊದಲಾಯಿತು. ಮಲೆಯ ಮಾದೇಶ್ವರ, ಮಂಟೇಸ್ವಾಮಿ ಮೊದಲಾದ ದೊಡ್ಡ ಕಥನಗಳನ್ನು ಸಂಪಾದಿಸಿದ ಈಚಿನ ವಿದ್ವಾಂಸರು ಗದ್ಯಭಾಗಗಳನ್ನೂ ಉಳಿಸಿಕೊಂಡಿರುವರೆಂಬುದು ನಿಜ. ಆದರೆ ಚಿಕ್ಕ ಹಾಡುಗಳ, ಹಬ್ಬದ ಪದಗಳ, ಕುಣಿತದ ಪದಗಳ ಸಂಗ್ರಹದಲ್ಲಿ ಹಳೆಯ ರೂಢಿ ಇನ್ನೂ ಬಿಟ್ಟಿಲ್ಲ.

೨

ಈ ವಿಚಾರಕ್ಕೆ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳನ್ನು ಆರಿಸಿಕೊಳ್ಳಲು ಕಾರಣವುಂಟು. ಶಿವಮೊಗ್ಗ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಈ ಸೀಮೆಯಲ್ಲಿ ಮಲೆನಾಡು ಮೆಲ್ಲಮೆಲ್ಲನೆ ಬಯಲಿಗೆ ಇಳಿಯುತ್ತದೆ. ಶಿಕಾರಿಪುರಕ್ಕೆ ಹಿರೇಕೆರೂರು ನೆರೆ. ಆನವಟ್ಟಿಯ ಕಡೆಯಿಂದ ಸೊರಬಕ್ಕೆ ಹಾನಗಲ್ಲು ನೆರೆ. ಇನ್ನೊಂದು ಮಗ್ಗುಲಲ್ಲಿ ಶಿರಸಿ, ಸಿದ್ಧಾಪುರ, ಸಾಗರಗಳಿವೆ. ಆದ್ದರಿಂದ ಉತ್ತರದ ಬಯಲಿನ ಚೌಡಿಕೆ, ಲಾವಣಿಗಳೂ ಮಲೆನಾಡಿನ ಅಂಟಿಕೆ–ಪಂಟಿಕೆ, ಬಡಗುತಿಟ್ಟಿನ ಯಕ್ಷಗಾನಗಳೂ, ಎರಡೂ ಕಡೆಗೆ ಸಲ್ಲುವ ವೀರಗಾಸೆ, ಡೊಳ್ಳುಗಳೂ ಇಲ್ಲಿ ಒಂದೇ ಕಿವಿಗೆ ಬೀಳುತ್ತವೆ. ಹಾಡು ಮಾತುಗಳ ಸಂಬಂಧವನ್ನು ಹೋಲಿಸಿ ನೋಡಲು ಇಷ್ಟು ಒಳ್ಳೆಯ ಎಡೆ ಕರ್ನಾಟಕದಲ್ಲಿ ಅಪರೂಪ.

ಈ ಸಂಬಂಧಕ್ಕೆ ಇಲ್ಲಿ ಹಳೆಯ ಇತಿಹಾಸವೂ ಇದೆ. ರೈಸ್ ಅವರು ೧೯೦೨ ಮತ್ತು ೧೯೦೪ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳು ಎಂಟನೆಯ ಸಂಪುಟಗಳನ್ನು ತೆರೆದರೆ ಈ ಎರಡು ತಾಲ್ಲೂಕುಗಳ ಶಾಸನಸಂಪತ್ತು ಎಷ್ಟೆಂಬುದು ತಿಳಿಯುತ್ತದೆ. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ ೧೧೬೨ರ ಶಾಸನವು ವ್ಯಾಕರಣ ದರ್ಶನಗಳ ಜೊತೆಗೆ ಕಾವ್ಯ ನಾಟಕಗಳನ್ನೂ ಅಲ್ಲಿ ಅಭ್ಯಾಸಮಾಡುವ ವಿದ್ಯೆಗಳ ಸಾಲಿಗೆ ಸೇರಿಸುತ್ತದೆ. ದೇವಾಲಯಗಳ ದತ್ತಿಗಳಲ್ಲಿ ಬರುವ ‘ರಂಗಭೋಗ’ವೆಂಬ ಮಾತು ಗೀತ ವಾದ್ಯ ನೃತ್ಯಗಳ ಪೋಷಣೆಯನ್ನು ಸೂಚಿಸುತ್ತದೆ. ಅಲ್ಲಮಪ್ರಭುವಿನ ಕಥೆ ಮೊದಲಾಗುವುದೂ ಇಂಥ ರಂಗಭೋಗದ ಮದ್ದಳೆಯಿಂದಲೇ. ಹರಿಹರನು ಅವನನ್ನು ಬಳ್ಳಿಗಾವೆಯ ಕಾಮಲತೆಯೊಡನೆ ಸೇರಿಸುತ್ತಾನೆ. ಚಾಮರಸನು ಬನವಸೆಯ ಮಾಯೆಯ ಎದುರಿಗೆ ನಿಲ್ಲಿಸುತ್ತಾನೆ. ಕಥೆಗಳು ಬೇರೆಯಾದರೂ ಮದ್ದಳೆಗಾರನು ಮಾತಿನ ಪ್ರಭುವಾದನೆಂಬ ಅಂಶ ಎರಡರಲ್ಲಿಯೂ ಉಳಿದಿದೆ.

ಹಾಡನ್ನೂ ಮಾತನ್ನೂ ಜೊತೆಗೆ ನಡೆಸುವುದು ಕನ್ನಡ ಕಾವ್ಯಕ್ಕೆ ಹೊಸದಲ್ಲ. ಚಂಪುವಿನಲ್ಲಿ ಪದ್ಯಗದ್ಯಗಳ ಬೆರಕೆಯೇ ಲಕ್ಷಣ. ಹರಿಹರನ ಬಸವರಾಜದೇವರ ರಗಳೆಯಲ್ಲಿ ಪದ್ಯದ ಸ್ಥಲವೂ ಗದ್ಯದ ಸ್ಥಲವೂ ಒಂದಾದಮೇಲೊಂದರಂತೆ ಬರುತ್ತವೆ. ‘ವಚನ’ವೆಂದರೆ ಮಾತು ಎಂದೇ ಅರ್ಥ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿದ ಶೂನ್ಯಸಂಪಾದನೆಯಲ್ಲಿ ಒಂದೊಂದು ವಚನವೂ ಯಾರೋ ಕೇಳಿದುದಕ್ಕೆ ಉತ್ತರವಾಗಿ ನಿಂತಿದೆ. ಉಡುತಡಿಯ ಅಕ್ಕಮಹಾದೇವಿಯ ವಚನಗಳು ಅಲ್ಲಿ ಅಲ್ಲಮನ ಪ್ರಶ್ನೆಗಳ ಎದುರಿನಲ್ಲಿ ಹುಟ್ಟುತ್ತವೆ. ಅದೇ ವಚನಗಳನ್ನು ಈಚೆಗೆ ರಾಗತಾಳಗಳಿಗೆ ಹೊಂದಿಸಿ ಕಛೇರಿಯಲ್ಲಿ ಹಾಡುವಾಗ ಇಂಪು ಬರುತ್ತದೆ, ಭಕ್ತಿ ಬರುತ್ತದೆ; ಕೇಳಿದವನಾರು, ಕೇಳಿದುದೇನು ಎಂಬುದು ಮಾತ್ರ ಬಿಟ್ಟುಹೋಗುತ್ತದೆ. ಪ್ರಶ್ನೆಯಿಲ್ಲದ ಉತ್ತರವು ಸುಭಾಷಿತದಂತೆ ಕೇಳಿಸುತ್ತದೆ. ಶಿಷ್ಟಸಾಹಿತ್ಯದಲ್ಲಿ ಆದ ಈ ನಷ್ಟವನ್ನು ಗ್ರಂಥವನ್ನು ತೆರೆದು ತುಂಬಿಕೊಳ್ಳಬಹುದು. ಜನಪದದ ಹಾಡಿನಲ್ಲಿ ಆದ ನಷ್ಟಕ್ಕೆ ತೆರೆದುನೋಡುವ ಗ್ರಂಥವಿಲ್ಲ.

೩

ಈ ಸೀಮೆಯ ಹಾಡುಗಳಲ್ಲಿ ಬರುವ ಮಾತನ್ನು ಅನುಕೂಲಕ್ಕಾಗಿ ನಾವು ಮೂರು ಬಗೆಯಾಗಿ ವಿಂಗಡಿಸುತ್ತೇವೆ: ಕಟ್ಟುಮಾತು, ಬಿಡುಮಾತು, ಎದುರುಮಾತು.

ಕಟ್ಟುಮಾತಿಗೆ ವೀರಗಾಸೆಯ ಒಡಪು ಒಳ್ಳೆಯ ನಿದರ್ಶನ. ವೀರಗಾಸೆಯಲ್ಲಿ ಕುಣಿತ ಮುಖ್ಯವೆಂದು ತೋರಿದರೂ, ಕುಣಿತದ ಒಂದು ಸುತ್ತು ಮುಗಿದು ಕರಡೆ ಸಮ್ಮಾಳಗಳ ಬಡಿತ ನಿಂತೊಡನೆ ಒಬ್ಬನು ಕತ್ತಿ ಹಿಡಿದು ಮುಂದೆ ಬರುತ್ತಾನೆ. ಏರುದನಿಯಲ್ಲಿ ಒಡಪು ಹೇಳುತ್ತಾನೆ. ದಕ್ಷನ ಯಜ್ಞ, ಶಿವನಿಗಾದ ಅವಮಾನ, ದಾಕ್ಷಾಯಣಿಯ ಅಗ್ನಿಪ್ರವೇಶ, ವೀರಭದ್ರನ ಹುಟ್ಟು, ದಕ್ಷನ ತಲೆ ಉರುಳಿ ಅದರ ಎಡೆಗೆ ಕುರಿಯ ತಲೆ ಬಂದುದು, ಇವೆಲ್ಲ ಒಡಪಿನ ವಸ್ತು. ಶಿವಶರಣರ ಕಥೆಗಳೂ ಉಂಟು. ವಾಕ್ಯ ವಾಕ್ಯಕ್ಕೂ ಜೊತೆಯವರು ಉದ್ಗಾರದಿಂದ ದನಿಗೂಡಿಸುತ್ತಾರೆ. ಒಡಪು ಪದ್ಯವಲ್ಲ, ದಿನಬಳಕೆಯ ಮಾತೂ ಅಲ್ಲ. ಪ್ರಾಸಗಳಿಂದಲೂ ಒಂದೇ ಅಳತೆಯ ವಾಕ್ಯಖಂಡಗಳಿಂದಲೂ ಬಿಗಿದು ಕಟ್ಟಿದ, ಗುರುಮುಖದಿಂದ ಕಲಿತ ಗದ್ಯ. ಇದನ್ನು ಕುಣಿಯಲಾಗದು, ಹಾಡಲಾಗದು, ಆಡಿಯೇ ತೋರಿಸಬೇಕು.

ಒಡಪು ಎಂಬ ಇದೇ ಹೆಸರು ಮದುವೆಯ ಮನೆಯಲ್ಲಿ ಇನ್ನೊಂದು ಮಾತಿಗೂ ಸಲ್ಲುತ್ತದೆ. ಸೋಬಾನೆಯ ಹಾಡು ನಡೆಯುತ್ತಿರುವಾಗ ಹೆಂಗಸರು ಮದುವಣಗಿತ್ತಿಯನ್ನು ತಡೆದು ಗಂಡನ ಹೆಸರು ಹೇಳೆಂದು ಕಾಡುವುದೂ, ಅವಳು ಪ್ರಾಸಕಟ್ಟಿದ ಎರಡು ಸಾಲಿನೊಳಗೆ ಆ ಹೆಸರನ್ನು ಹುದುಗಿಸಿ ಹೇಳುವುದೂ ಉತ್ತರ ಕರ್ನಾಟಕದಲ್ಲಿಯೂ ಅದಕ್ಕೆ ಹೊಂದಿದ ಈ ಸೀಮೆಯಲ್ಲಿಯೂ ತಿಳಿದ ವಿಷಯವೇ. ಸುತ್ತಲಿನವರು ಹಾಡುತ್ತಾರೆ, ಅವಳೊಬ್ಬಳು ಮಾತನಾಡಬೇಕು. ಗುಂಪಿನ ಹಾಡಿನಿಂದ ಒಂದು ದನಿಯನ್ನು ಹೊರತೆಗೆದು ನಿಲ್ಲಿಸುವುದು ಎರಡು ಒಡಪುಗಳಿಗೂ ಸಮಾನವಾದ ಗುಣ.

ಬಿಡುಮಾತಿಗೆ ಚೌಡಿಕೆಯವರ ಕಥನವನ್ನು ನೋಡಬೇಕು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯು ರೇಣುಕಾಂಬೆಯ ಕ್ಷೇತ್ರ. ಬೆಟ್ಟದ ಗುಹೆಯಲ್ಲಿ ನೆಲೆಸಿದ ಆ ತಾಯಿಯ ಕಥೆಯನ್ನು ಚೌಡಿಕೆ, ಶ್ರುತಿ, ತಾಳಗಳೊಡನೆ ಹಾಡುವಾಗ ಮುಖ್ಯ ಗಾಯಕರು ಅಲ್ಲಲ್ಲಿ ಹಾಡನ್ನು ನಿಲ್ಲಿಸಿ ಮಾತಿನಲ್ಲಿ ಕಥೆ ನಡೆಸುತ್ತಾರೆ. ಹಿಮ್ಮೇಳದವರೊಬ್ಬರು ಹೂಂಗುಟ್ಟುತ್ತಾರೆ, ಕೆಲವೊಮ್ಮೆ ಕೇಳುಗರ ಪರವಾಗಿ ಪ್ರಶ್ನೆಯನ್ನೂ ಹಾಕುತ್ತಾರೆ. ಮರಳಿನ ಕೊಡ, ಹಾವಿನ ಸಿಂಬಿ, ಹೊಳೆಯಲ್ಲಿ ಜಲಕ್ರೀಡೆಯಾಡುತ್ತಿದ್ದ ಗಂಧರ್ವ, ಒಡೆದುಹೋದ ಕೊಡ, ಜಮದಗ್ನಿಯ ಕೋಪ, ಪರಶುರಾಮನ ಕೊಡಲಿ, ಈ ಘಟನೆಗಳು ಹಾಡಿನಲ್ಲಿ ತಪ್ಪದೆ ಬರುತ್ತವೆ. ಅವುಗಳ ನಡುವಿನ ಮಾತು ಮಾತ್ರ ಹೇಳುವವರನ್ನು, ಹೇಳುವ ಎಡೆಯನ್ನು, ಕೇಳುವವರನ್ನು ಅವಲಂಬಿಸಿ ಹಿಗ್ಗುತ್ತದೆ, ಕುಗ್ಗುತ್ತದೆ, ದಿಕ್ಕು ಬದಲಿಸುತ್ತದೆ. ಕೊಡ ಒಡೆದುದು ರೇಣುಕೆಯ ತಪ್ಪಿನಿಂದಲೋ, ತಪ್ಪೆಂದು ಎಣಿಸಿದವರ ಕಣ್ಣಿನಿಂದಲೋ ಎಂಬುದನ್ನು ಪದವು ಹೇಳದೆ ಬಿಡಬಹುದು. ಮಾತಿಗೆ ಆ ಸೌಲಭ್ಯವಿಲ್ಲ.

ಎದುರುಮಾತು ಅಂಟಿಕೆ–ಪಂಟಿಕೆಯಲ್ಲಿದೆ. ದೀಪಾವಳಿಯ ರಾತ್ರಿಗಳಲ್ಲಿ ಮಲೆನಾಡಿನ ಊರುಗಳಲ್ಲಿ ಗಂಡಸರ ತಂಡವೊಂದು ದೇವರ ಸನ್ನಿಧಿಯಲ್ಲಿ ಹಚ್ಚಿದ ದೀಪವನ್ನು ಹಿಡಿದು ಮನೆಮನೆಗೆ ಹೋಗುತ್ತದೆ. ಇಬ್ಬರು ಮುಂದಾಗಿ ಹಾಡುತ್ತಾರೆ. ಉಳಿದವರು ಸೊಲ್ಲು ಹಿಡಿಯುತ್ತಾರೆ. ಮುಚ್ಚಿದ ಬಾಗಿಲ ಮುಂದೆ ನಿಂತು ಬಾಗಿಲು ತೆರೆಯಿರೆಂದು ಹಾಡುವುದರಿಂದ ಪದ ಮೊದಲಾಗುತ್ತದೆ. ಮನೆಯವರು ತೆರೆದು, ತಂದ ದೀಪಕ್ಕೆ ಎಣ್ಣೆ ಎರೆದು, ಅದರಿಂದ ತಮ್ಮ ಮನೆಯ ದೀಪವನ್ನು ಹಚ್ಚಿಕೊಳ್ಳುತ್ತಾರೆ. ಬಂದವರು ಯಾವ ಕಡೆಯವರು, ಮುಂದಕ್ಕೆ ಯಾವ ಪದ ಹಾಡಬೇಕು ಎಂಬ ಮಾತು ನಡೆಯುತ್ತದೆ. ಕಾಣಿಕೆ ಕೊಟ್ಟು, ಹರಕೆ ಪಡೆದು ಕಳುಹಿಸುತ್ತಾರೆ. ಇಲ್ಲಿ ಮಾತು ಹಾಡುವವನದಲ್ಲ, ಹಾಡಿಸಿಕೊಳ್ಳುವವನದು. ಆದರೂ ಅದು ಹಾಡಿನ ಅಂಗವೇ. ಬಾಗಿಲು ತೆರೆಯಿರೆಂಬ ಪದಕ್ಕೆ ಒಳಗಿನಿಂದ ಬರುವ ದನಿಯೇ ಮುಂದಿನ ಸಾಲು. ಪುಸ್ತಕದಲ್ಲಿ ಈ ಪದವನ್ನು ಓದುವಾಗ ಒಂದು ಪಲ್ಲವಿಗೂ ಮುಂದಿನ ನುಡಿಗೂ ನಡುವೆ ಏನೋ ಜಾರಿಹೋದಂತೆ ತೋರುವುದಕ್ಕೆ ಕಾರಣ, ಅಲ್ಲಿ ಒಂದು ಮನೆಯೇ ಜಾರಿಹೋಗಿರುವುದು.

೪

ಹಾಡಿನ ನಡುವೆ ಮಾತು ಏಕೆ ಬರುತ್ತದೆಂಬುದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳನ್ನು ಹೇಳುವುದುಂಟು. ಹಾಡಿ ದಣಿದ ಗಂಟಲಿಗೆ ವಿಶ್ರಾಂತಿ ಬೇಕೆಂಬುದು ಒಂದು. ಹಾಡಿನ ಹಳೆಯ ಮಾತು ತಿಳಿಯದವರಿಗೆ ಅರ್ಥ ತಿಳಿಸಬೇಕೆಂಬುದು ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ವಿಶ್ರಾಂತಿಗೆ ವಾದ್ಯವಷ್ಟೇ ಸಾಕು. ಅರ್ಥಕ್ಕಾಗಿಯೇ ಮಾತು ಬರುವುದಾದರೆ ಎಲ್ಲರಿಗೂ ಬಾಯಿಗೆ ಬರುವ ಕಥೆಯಲ್ಲಿ ಮಾತು ಇಲ್ಲವಾಗಬೇಕಾಗಿತ್ತು. ಹಾಗಾಗುವುದಿಲ್ಲ, ಚೆನ್ನಾಗಿ ತಿಳಿದ ಕಥೆಯಲ್ಲಿಯೇ ಮಾತು ಹೆಚ್ಚು ಬೆಳೆಯುತ್ತದೆ.

ನಮ್ಮ ಅಭಿಪ್ರಾಯ ಹೀಗಿದೆ. ಹಾಡು ಹಿರಿಯರಿಂದ ಬಂದ ಸೊತ್ತು. ಮಾತು ಇಂದು ಹಾಡುತ್ತಿರುವವನ ಹೊಣೆ. ಪದವನ್ನು ಹಾಡುವಾಗ ಗಾಯಕನು ‘ಹೀಗೆಂದು ನಮ್ಮ ಹಿರಿಯರು ಹಾಡಿದರು’ ಎಂಬ ಮರೆಯಲ್ಲಿರುತ್ತಾನೆ. ಛಂದಸ್ಸು, ಮಟ್ಟು, ಸೊಲ್ಲು ಹಿಡಿಯುವ ಹಿಮ್ಮೇಳ, ಎಲ್ಲವೂ ಅವನ ಸುತ್ತ ಗೋಡೆಯಂತೆ ನಿಂತಿರುತ್ತವೆ. ಹಾಡು ನಿಂತು ಮಾತು ಬಂದಾಗ ಆ ಗೋಡೆ ಇಲ್ಲವಾಗುತ್ತದೆ. ಆಗ ಅವನು ತನ್ನ ಊರಿನ ಜನರ ಮುಂದೆ, ತನ್ನ ದನಿಯಲ್ಲಿ, ಇಂದಿನ ದಿನ ನಿಂತಿರುತ್ತಾನೆ. ಹೇಳಿದ ಮಾತಿಗೆ ಅವನನ್ನು ಹಿಡಿದು ಕೇಳಬಹುದು. ಬಿಡುಮಾತಿನಲ್ಲಿ ಇದು ಸ್ಪಷ್ಟವಾಗಿಯೇ ಇದೆ. ಕಟ್ಟುಮಾತಿನಲ್ಲಿ ವಾಕ್ಯಗಳು ಪರಂಪರೆಯವಾದರೂ, ಬಲ್ಲ ಹಲವು ಒಡಪುಗಳಲ್ಲಿ ಈ ಮನೆಯ ಮುಂದೆ, ಈ ಜಾತ್ರೆಯಲ್ಲಿ, ಈ ಮದುವೆಯಲ್ಲಿ ಯಾವುದನ್ನು ಹೇಳಬೇಕೆಂಬ ಆಯ್ಕೆ ಅವನದು. ಎದುರುಮಾತಿನಲ್ಲಿ ಆ ಹೊಣೆ ಕೇಳುವವನಿಗೂ ಹಂಚಿಹೋಗುತ್ತದೆ.

ಇದು ಬರಿಯ ತತ್ತ್ವದ ಮಾತಲ್ಲವೆಂಬುದಕ್ಕೆ ಚಂದ್ರಗುತ್ತಿಯೇ ಸಾಕ್ಷಿ. ಅಲ್ಲಿ ನಡೆದುಬಂದಿದ್ದ ಬೆತ್ತಲೆ ಸೇವೆಯನ್ನು ತಡೆಯಲು ೧೯೮೬ರ ಜಾತ್ರೆಯಲ್ಲಿ ಯತ್ನಿಸಿದಾಗ ಪೊಲೀಸರೂ ಪತ್ರಕರ್ತರೂ ಸೇರಿ ಹಲವರ ಮೇಲೆ ಹಲ್ಲೆಯಾಯಿತು. ಆಮೇಲೆ ಸರ್ಕಾರವು ಆ ಸೇವೆಯನ್ನು ನಿಷೇಧಿಸಿತು. ರೇಣುಕೆಯು ಓಡಿಬಂದು ಬಂಡೆಯ ಗುಹೆಯಲ್ಲಿ ಅಡಗಿದಳೆಂಬ ಐತಿಹ್ಯವೂ ಭಕ್ತರ ಆ ಹರಕೆಯೂ ಒಂದಕ್ಕೊಂದು ಹೆಣೆದುಕೊಂಡಿದ್ದುವು. ಇಂಥ ಕಥೆಯನ್ನು ಹಾಡುವವರಿಗೆ ಪದವನ್ನು ತಿದ್ದುವುದು ಕಷ್ಟ. ತಿದ್ದಿದರೆ ಪದ ಕೆಟ್ಟಿತೆನ್ನುವವರು ಎದುರಿಗೇ ಇರುತ್ತಾರೆ. ಆದರೆ ಆ ಪದವು ಇಂದಿನವರು ಹೊರಬೇಕಾದ ಹರಕೆಯೋ, ತಾಯಿಯೊಬ್ಬಳಿಗೆ ಹಿಂದೆ ಒದಗಿದ ಕಷ್ಟದ ನೆನಪೋ ಎಂಬುದನ್ನು ಗೊತ್ತುಮಾಡುವುದು ಪದವಲ್ಲ, ಪದದ ಬೆನ್ನಿಗೆ ಬರುವ ಮಾತು. ಪದಗಳನ್ನು ಮಾತ್ರ ಬರೆದುಕೊಂಡು ಬಂದ ವಿದ್ಯಾರ್ಥಿಯು ‘ಈ ಸಂಪ್ರದಾಯವು ಹೀಗೆ ನಂಬುತ್ತದೆ’ ಎಂದು ಪ್ರಬಂಧ ಬರೆದರೆ, ಆ ಸಂಪ್ರದಾಯದವರು ತಮ್ಮ ತಮ್ಮಲ್ಲಿಯೇ ನಡೆಸುತ್ತಿರುವ ವಾದವನ್ನು ಅವನು ಕೇಳಲೇ ಇಲ್ಲವೆಂದಾಗುತ್ತದೆ. ಮಾತನ್ನು ಕಳೆದ ಹಾಡು ಇರುವುದಕ್ಕಿಂತ ಹಳೆಯದಾಗಿ, ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಅದನ್ನು ಹಾಡುವವರು ಯೋಚಿಸದೆ ಒಪ್ಪಿಸುವವರಾಗಿ ಕಾಣುತ್ತಾರೆ. ನಷ್ಟ ಸಾಹಿತ್ಯಕ್ಕೆ ಮಾತ್ರವಲ್ಲ, ಆ ಜನರ ಮಾನಕ್ಕೂ ಆಗುತ್ತದೆ.

೫

ಇಂಥ ಪದ್ಧತಿ ನಮ್ಮ ಸೀಮೆಯದೊಂದೇ ಅಲ್ಲ. ರಾಜಸ್ಥಾನದಲ್ಲಿ ಚಿತ್ರಪಟದ ಮುಂದೆ ನಿಂತು ಪಾಬೂಜಿಯ ಕಥೆ ಹೇಳುವ ಭೋಪರ ಕಥನದಲ್ಲಿ ಹಾಡುವ ಭಾಗವೂ ಆಡುವ ಭಾಗವೂ ಒಂದಾದಮೇಲೊಂದು ಬರುತ್ತವೆ. ಎರಡಕ್ಕೂ ಅವರಲ್ಲಿ ಬೇರೆಬೇರೆ ಹೆಸರುಂಟು. ೧೯೯೧ರಲ್ಲಿ ಆ ಕಥನವನ್ನು ಪ್ರಕಟಿಸಿದ ಜಾನ್ ಸ್ಮಿತ್ ಅವರು ಎರಡನ್ನೂ ಉಳಿಸಿಕೊಂಡೇ ಚರ್ಚೆ ನಡೆಸಿದ್ದಾರೆ. ಛತ್ತೀಸಗಢದ ಪಾಂಡವಾನಿಯಲ್ಲಿ ಹಾಡುವವರ ಜೊತೆಗೆ ಹೂಂಗುಟ್ಟುತ್ತ ಪ್ರಶ್ನೆ ಕೇಳುವ ರಾಗಿಯಿಲ್ಲದೆ ಕಥೆ ಸಾಗುವುದಿಲ್ಲ.

ನಮ್ಮ ಮನೆಯ ಉದಾಹರಣೆಯಂತೂ ಯಕ್ಷಗಾನ. ಪ್ರಸಂಗದ ಪುಸ್ತಕದಲ್ಲಿ ಭಾಗವತನು ಹಾಡುವ ಪದ್ಯಗಳಷ್ಟೇ ಇರುತ್ತವೆ. ವೇಷಧಾರಿಯ ಅರ್ಥವು ಆಶುವಾಗಿ ಹುಟ್ಟತಕ್ಕದ್ದು. ತಾಳಮದ್ದಳೆಯಲ್ಲಿ ವೇಷವೂ ಕುಣಿತವೂ ಇಲ್ಲದೆ ಹಾಡು ಮಾತುಗಳೆರಡೇ ನಿಲ್ಲುತ್ತವೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (೧೯೧೮–೨೦೦೬) ಅರ್ಥಧಾರಿಗಳ ಕೀರ್ತಿ ನಿಂತಿರುವುದು ಪುಸ್ತಕದಲ್ಲಿ ಇಲ್ಲದ ಭಾಗದ ಮೇಲೆ. ಪ್ರಸಂಗದ ಪುಸ್ತಕವನ್ನು ಓದಿ ‘ಇದೇ ಯಕ್ಷಗಾನ’ ಎಂದು ಯಾವ ವಿಮರ್ಶಕನೂ ಹೇಳುವುದಿಲ್ಲ. ಆದರೆ ಚೌಡಿಕೆಯ ಪದಗಳನ್ನು ಓದಿ ‘ಇದೇ ಚೌಡಿಕೆಯ ಕಾವ್ಯ’ ಎನ್ನಲು ನಾವು ಹಿಂಜರಿಯುವುದಿಲ್ಲ. ಅರ್ಥಧಾರಿಗೆ ಪುರಾಣಜ್ಞಾನವಿದೆ, ಪಾಂಡಿತ್ಯವಿದೆ ಎಂದು ಒಪ್ಪುವ ನಾವು ಚೌಡಿಕೆಯವರ ಮಾತಿಗೆ ಅದೇ ಗೌರವವನ್ನು ಕೊಡದಿರುವುದಕ್ಕೆ ಸಾಹಿತ್ಯದ ಕಾರಣ ಯಾವುದೂ ಇಲ್ಲ.

ಯಂತ್ರಗಳು ಬಂದ ಮೇಲೆ ಈ ಮಾತಿಗೆ ಎಡೆ ಇನ್ನೂ ಕಿರಿದಾಯಿತು. ಹಳೆಯ ಗ್ರಾಮೊಫೋನ್ ತಟ್ಟೆಯ ಒಂದು ಮುಖಕ್ಕೆ ಸುಮಾರು ಮೂರು ಮೂರೂವರೆ ನಿಮಿಷ. ಭದ್ರಾವತಿಯ ಆಕಾಶವಾಣಿ ಕೇಂದ್ರ ೧೯೬೫ರಲ್ಲಿ ಆರಂಭವಾದುದರಿಂದ ಜಿಲ್ಲೆಯ ಹಾಡುಗಳು ಜಿಲ್ಲೆಗೇ ಮರಳಿ ಕೇಳಿಸುವಂತಾಯಿತೆಂಬುದು ಸಂತೋಷದ ವಿಷಯ. ಆದರೆ ತಟ್ಟೆಯಾಗಲಿ ಬಾನುಲಿಯಾಗಲಿ ಕ್ಯಾಸೆಟ್ಟಾಗಲಿ, ಗಳಿಗೆ ಎಣಿಸುವ ಯಾವ ಸಾಧನದಲ್ಲಿಯೂ ಮೊದಲು ಕತ್ತರಿ ಬೀಳುವುದು ಮಾತಿಗೆ. ಕಾಲದ ಮಿತಿಯೇ ಮಾತನ್ನು ಕೊಂದಿತೆಂದು ಹೇಳಿಬಿಡುವುದೂ ಸರಿಯಲ್ಲ. ಅಮೆರಿಕದಲ್ಲಿ ಕ್ರಿಸ್ ಬೌಚಿಲನ್ ಎಂಬವನು ೧೯೨೬ರಲ್ಲಿ ಧ್ವನಿಮುದ್ರಿಸಿದ ಹಾಡೊಂದರಲ್ಲಿ ಗಿಟಾರಿನ ಲಯದ ಮೇಲೆ ಹಾಡದೆ ಮಾತನ್ನೇ ಆಡಿದನು. ಅದರಿಂದ ‘ಮಾತಿನ ಬ್ಲೂಸ್’ ಎಂಬ ಪ್ರಕಾರವೇ ಬೆಳೆಯಿತು. ಮುಂದೆ ವುಡಿ ಗತ್ರಿಯಂಥವರು ಬಡವರ ಬವಣೆಯನ್ನು ಹೇಳಲು ಅದನ್ನು ಬಳಸಿಕೊಂಡರು. ತಟ್ಟೆಯ ಮೂರು ನಿಮಿಷ ಅಲ್ಲಿಯೂ ಅಷ್ಟೇ ಇತ್ತು. ಮಾತೂ ಹಾಡಿನ ಭಾಗವೆಂದು ಎಣಿಸಿದ ಎಡೆಯಲ್ಲಿ ಅದಕ್ಕೆ ಸ್ಥಳ ದೊರೆಯಿತು. ಹೊಟ್ಟೆಂದು ಎಣಿಸಿದ ಎಡೆಯಲ್ಲಿ ಅದನ್ನು ತೂರಿದರು.

೬

ಹಾಗೆಂದು ಹಾಡಿನ ನಡುವೆ ಬಂದ ಮಾತೆಲ್ಲವನ್ನೂ ನಾವು ಹೊಗಳಬೇಕಾಗಿಲ್ಲ. ಮಾತಿಗೆ ಸ್ಥಾನ ಕೊಟ್ಟಮೇಲೆ ಅದನ್ನು ಬೆಲೆಗಟ್ಟುವ ಕೆಲಸವೂ ವಿಮರ್ಶಕನದೇ. ಸ್ಪರ್ಧೆಯ ರಂಗದ ಮೇಲೆ, ಉತ್ಸವದ ಮೆರವಣಿಗೆಯಲ್ಲಿ ಒಡಪು ಎರಡು ವಾಕ್ಯಕ್ಕೆ ಇಳಿದು ಬರಿಯ ಕೂಗಾಗುವುದನ್ನು ನಾವು ಕಾಣುತ್ತೇವೆ. ಕೆಲವೆಡೆ ಕಥೆಯ ಮಾತಿನ ಎಡೆಗೆ ಅತಿಥಿಗಳ ಸ್ತುತಿ ಬರುತ್ತದೆ. ಹಾಡು ಹೇಳಿದುದನ್ನೇ ಮಾತು ಮತ್ತೊಮ್ಮೆ ಹೇಳಿ ಕೇಳುಗರನ್ನು ಬೇಸರಪಡಿಸುವುದೂ ಉಂಟು.

ಒಳ್ಳೆಯ ಮಾತಿಗೆ ನಾವು ಎರಡು ಲಕ್ಷಣಗಳನ್ನು ಹೇಳಬಯಸುತ್ತೇವೆ. ಮೊದಲನೆಯದು: ಅದು ಹಾಡನ್ನು ವಿವರಿಸುವುದಕ್ಕಿಂತ ಹೆಚ್ಚಾಗಿ ಹಾಡಿಗೆ ಎದುರು ನಿಲ್ಲಬೇ ಕು, ಹಾಡು ಕರುಣೆಯಿಂದ ಹರಿದಲ್ಲಿ ಮಾತು ಪ್ರಶ್ನಿಸಬೇಕು, ಹಾಡು ಆರ್ಭಟಿಸಿದಲ್ಲಿ ಮಾತು ತಣ್ಣಗಾಗಬೇಕು. ಎರಡನೆಯದು: ಮಾತಿನಿಂದ ಹಾಡಿಗೆ ಮರಳುವ ಹಾದಿ ಕೇಳುಗರಿಗೆ ಅನಿವಾರ್ಯವೆಂದು ತೋರಬೇಕು, ಇನ್ನು ಆಡಿ ಹೇಳಲಾಗದು, ಹಾಡಿಯೇ ಹೇಳಬೇಕು ಎನ್ನುವ ಹಂತಕ್ಕೆ ಮಾತು ಮುಟ್ಟಿದಾಗ ಚೌಡಿಕೆಯ ತಂತಿ ಮಿಡಿಯಬೇಕು. ಈ ಎರಡು ಒರೆಗಳಿಗೆ ಹಚ್ಚಿದರೆ ನಿಜವಾದ ಕಲಾವಿದನಾರು, ಬಾಯಿಪಾಠದವನಾರು ಎಂಬುದು ಗೊತ್ತಾಗುತ್ತದೆ. ಪದವನ್ನು ಮಾತ್ರ ನೋಡಿದರೆ ಇಬ್ಬರೂ ಒಂದೇ.

೭

ಕೊನೆಯದಾಗಿ, ಈ ಸೀಮೆಯಲ್ಲಿ ಹಾಡು ಸಂಗ್ರಹಿಸಲು ಹೊರಡುವ ವಿದ್ಯಾರ್ಥಿಗಳಿಗೂ ಅವರನ್ನು ಕಳುಹಿಸುವ ಅಧ್ಯಾಪಕರಿಗೂ ಕೆಲವು ಸೂಚನೆಗಳು.

ಹಾಡುವವರನ್ನು ಮನೆಯಿಂದ ಕರೆಸಿ ಪದ ಮಾತ್ರ ಹೇಳಿಸಿಕೊಂಡರೆ ಮಾತು ದೊರೆಯುವುದಿಲ್ಲ. ಕೇಳುಗರಿಲ್ಲದೆ ಬಿಡುಮಾತು ಹುಟ್ಟುವುದಿಲ್ಲ. ಮನೆಯವರಿಲ್ಲದೆ ಎದುರುಮಾತು ಹುಟ್ಟುವುದಿಲ್ಲ. ಆದ್ದರಿಂದ ಹಬ್ಬ, ಜಾತ್ರೆ, ಮದುವೆಗಳ ಎಡೆಯಲ್ಲಿಯೇ ಧ್ವನಿಮುದ್ರಣ ನಡೆಯಬೇಕು. ಒಂದೇ ಕಥೆಯನ್ನು ಒಬ್ಬರೇ ಎರಡು ಸಂದರ್ಭಗಳಲ್ಲಿ ಹಾಡಿದುದನ್ನು ಹೋಲಿಸಬೇಕು. ಆಗ ಪದ ಎಷ್ಟು ಬದಲಾಗಿದೆ, ಮಾತು ಎಷ್ಟು ಬದಲಾಗಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಬರೆದುಕೊಳ್ಳುವಾಗ ಮಾತನಾಡಿದವರು ಯಾರು, ಯಾರನ್ನು ನೋಡಿ ಆಡಿದರು, ವಾದ್ಯ ಪೂರ್ತಿ ನಿಂತಿತೋ ಹಿಂದೆ ಮೆಲ್ಲಗೆ ನುಡಿಯುತ್ತಿತ್ತೋ, ಎದುರಿನವರು ಏನೆಂದರು, ಇವನ್ನೆಲ್ಲ ಗುರುತು ಮಾಡಬೇಕು. ಡೆನ್ನಿಸ್ ಟೆಡ್ಲಾಕ್ ಎಂಬ ವಿದ್ವಾಂಸರು ಅಮೆರಿಕದ ಜೂನಿ ಜನರ ಕಥೆಗಳನ್ನು ೧೯೭೨ರಲ್ಲಿ ಪ್ರಕಟಿಸುವಾಗ ಕಥೆಗಾರನ ನಿಲುಗಡೆ, ಏರುದನಿ, ತಗ್ಗುದನಿಗಳನ್ನು ಸಾಲುಗಳ ಜೋಡಣೆಯಿಂದಲೇ ತೋರಿಸಿದರು. ಒಡಪನ್ನು ಅಚ್ಚುಮಾಡಲು ಇಂಥ ಕ್ರಮವೊಂದು ಕನ್ನಡಕ್ಕೂ ಬೇಕು; ಗದ್ಯದಂತೆ ಉದ್ದಕ್ಕೆ ಬರೆದರೆ ಅದರ ಏಟು ಕಾಣುವುದಿಲ್ಲ, ಪದ್ಯದಂತೆ ಒಡೆದರೆ ಇಲ್ಲದ ಛಂದಸ್ಸು ಬಂದುಬಿಡುತ್ತದೆ.

ಈ ಕೆಲಸಕ್ಕೆ ಸಾಧನಗಳ ಕೊರತೆ ಈಗ ಇಲ್ಲ. ೧೯೮೭ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾನಿಲಯವು ಇದೇ ಜಿಲ್ಲೆಯಲ್ಲಿದೆ. ೨೦೧೧ರಲ್ಲಿ ಆರಂಭವಾದ ಜಾನಪದ ವಿಶ್ವವಿದ್ಯಾಲಯವು ನೆರೆಯ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿದೆ. ಇಡೀ ರಾತ್ರಿಯ ಕಥನವನ್ನು ಒಂದು ನಿಮಿಷವೂ ಬಿಡದೆ ಹಿಡಿದಿಡುವ ಯಂತ್ರ ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲಿದೆ. ಕಾಗದ ಪೆನ್ಸಿಲು ಹಿಡಿದು ಹಳ್ಳಿಹಳ್ಳಿ ಅಲೆದ ಹಿರಿಯರಿಗೆ ಓಡುವ ಮಾತನ್ನು ಬರೆದುಕೊಳ್ಳಲು ಆಗಲಿಲ್ಲವೆಂದರೆ ಅದಕ್ಕೆ ಸಮಾಧಾನವುಂಟು. ನಮಗೆ ಆ ಸಮಾಧಾನವಿಲ್ಲ. ಪದಗಳಲ್ಲಿ ಹಲವು ಈಗಾಗಲೇ ಅಚ್ಚಾಗಿವೆ, ಅವು ಉಳಿಯುತ್ತವೆ. ಮಾತು ಅದನ್ನು ಆಡುವವರ ಜೊತೆಗೇ ಹೋಗತಕ್ಕ ವಸ್ತು. ಆದ್ದರಿಂದ ಮುಂದಿನ ಸಂಗ್ರಾಹಕನು ಹಾಡು ನಿಂತೊಡನೆ ಯಂತ್ರವನ್ನು ನಿಲ್ಲಿಸದಿರಲಿ.